ಕೊಡಗಿನ ಗಂಡಸರ ಕಸರತ್ತು, ಭಾರ ಮತ್ತು ಊಟ: ಪದೇ ಪದೇ ಕೇಳುವ ಪ್ರಶ್ನೆಗಳು

ಪೇಟೆಯ ಜಿಮ್ಮಿಗೆಂದು ಬರೆದ ಸಲಹೆ ಕೊಡಗಿಗೆ ಬಂದರೆ ವರ್ಷಕ್ಕೆ ಎರಡು ಸಲ ಎಡವುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಅದನ್ನು ತಡೆಯುತ್ತದೆ, ಡಿಸೆಂಬರ್ ಬಂತೆಂದರೆ ಕಾಫಿ ಕೊಯ್ಲು. ಆದ್ದರಿಂದ ಇಲ್ಲಿನ ಉತ್ತರಗಳು ಈ ಊರಿನ ಕ್ಯಾಲೆಂಡರನ್ನೂ ಅಡುಗೆಮನೆಯನ್ನೂ ಲೆಕ್ಕಕ್ಕೆ ಹಿಡಿದಿವೆ. ಭಾರ, ಗ್ರಾಂ, ಸಲ ಎಲ್ಲವನ್ನೂ ಅಂಕಿಯಲ್ಲೇ ಕೊಟ್ಟಿದೆ. ಒಂದು ನೋಟ್‌ಬುಕ್ಕು, ಅಡುಗೆಮನೆಗೆ ಒಂದು ಸಣ್ಣ ತಕ್ಕಡಿ ಇಟ್ಟುಕೊಂಡು ಓದಿ.

ದಿನವಿಡೀ ತೋಟದಲ್ಲಿ ದುಡಿಯುತ್ತೇನೆ. ಅದರ ಮೇಲೆ ಜಿಮ್ ಯಾಕೆ ಬೇಕು?

ತೋಟದ ಕೆಲಸ ದಣಿಸುತ್ತದೆ. ಆದರೆ ದಣಿಸುವುದೆಲ್ಲ ಮಾಂಸಖಂಡವನ್ನು ಬೆಳೆಸುವುದಿಲ್ಲ. ಬೋರ್ಡೋ (ಮೈಲುತುತ್ತ ಮತ್ತು ಸುಣ್ಣದ ದ್ರಾವಣ) ಹೊಡೆಯುವ 16 ಲೀಟರಿನ ಸ್ಪ್ರೇಯರ್ ಮೊದಲ ವಾರ ಭುಜ ಹಿಂಡುತ್ತದೆ, ನಾಲ್ಕನೇ ವಾರಕ್ಕೆ ದೇಹ ಒಗ್ಗಿಕೊಂಡಿರುತ್ತದೆ. ಅಲ್ಲಿಂದ ಮುಂದೆ ಹತ್ತು ವರ್ಷ ಹೊತ್ತರೂ ಭಾರ ಅಷ್ಟೇ. ಬೆಳವಣಿಗೆ ಬೇಕಿದ್ದರೆ ಮಾಂಸಖಂಡ ತನ್ನ ಮಿತಿಯ ಹತ್ತಿರ ದುಡಿಯಬೇಕು, ಆ ಮಿತಿಯನ್ನು ಸ್ವಲ್ಪ ಸ್ವಲ್ಪವಾಗಿ ಮುಂದೆ ತಳ್ಳುತ್ತಿರಬೇಕು. ಇನ್ನೊಂದು ಕೊರತೆಯೂ ಇದೆ. ಕತ್ತಿ ಬೀಸುವುದು, ಗುದ್ದಲಿ ಎಳೆಯುವುದು, ಬಗ್ಗಿ ಎತ್ತುವುದು ಇದ್ದಷ್ಟು ಎದೆಯಿಂದ ತಳ್ಳುವ, ತಲೆ ಮೇಲೆ ಎತ್ತುವ ಕೆಲಸ ತೋಟದಲ್ಲಿಲ್ಲ. ಕತ್ತಿ ಯಾವಾಗಲೂ ಒಂದೇ ಕೈಯಲ್ಲಿರುತ್ತದೆ.

ಆದರೂ ಆ ದಣಿವು ಲೆಕ್ಕಕ್ಕೆ ಬರುತ್ತದೆ. ಕಚೇರಿಯಲ್ಲಿ ಕೂರುವವನ ವ್ಯಾಯಾಮಪಟ್ಟಿಯನ್ನು ಯಥಾವತ್ತು ಎತ್ತಿಕೊಂಡರೆ ಮೂರನೇ ವಾರಕ್ಕೆ ಸೊಂಟ ಹಿಡಿಯುತ್ತದೆ.

ವಾರಕ್ಕೆ ಎಷ್ಟು ದಿನ? ಏನೇನು ಮಾಡಬೇಕು?

ಮೂರು ದಿನ, ಒಂದು ದಿನ ಬಿಟ್ಟು ಒಂದು ದಿನ. ಎರಡು ಬಗೆಯ ದಿನಗಳನ್ನು ಅದಲುಬದಲು ಮಾಡಿ. ರೆಪ್ ಅಂದರೆ ಒಂದು ಸಲ ಎತ್ತಿ ಇಳಿಸುವುದು, ಸೆಟ್ ಅಂದರೆ ನಡುವೆ ಬಿಡುವಿಲ್ಲದೆ ಮಾಡುವ ರೆಪ್ಪುಗಳ ಒಂದು ಸರದಿ.

ಮೊದಲ ಬಗೆ: ಸ್ಕ್ವಾಟ್ (ರಾಡು ಹೆಗಲ ಮೇಲಿಟ್ಟು ಬಸ್ಕಿ) 3 ಸೆಟ್, ಬೆಂಚ್ ಪ್ರೆಸ್ (ಬೆಂಚಿನ ಮೇಲೆ ಮಲಗಿ ರಾಡನ್ನು ಎದೆಯಿಂದ ಮೇಲೆ ತಳ್ಳುವುದು) 3 ಸೆಟ್, ಬಗ್ಗಿ ಎಳೆಯುವ ರೋಯಿಂಗ್ 3 ಸೆಟ್. ಸ್ಕ್ವಾಟ್ ಮತ್ತು ಬೆಂಚಿನಲ್ಲಿ ಸೆಟ್ಟಿಗೆ 5ರಿಂದ 8 ರೆಪ್, ರೋಯಿಂಗ್‌ನಲ್ಲಿ 8ರಿಂದ 10.

ಎರಡನೇ ಬಗೆ: ಡೆಡ್‌ಲಿಫ್ಟ್, ಅಂದರೆ ನೆಲದ ಮೇಲಿನ ರಾಡು ಹಿಡಿದು ಎದ್ದು ನಿಲ್ಲುವುದು, 2 ಸೆಟ್ (ತಲಾ 5), ನಿಂತು ತಲೆ ಮೇಲೆ ಎತ್ತುವ ಪ್ರೆಸ್ 3 ಸೆಟ್ (6ರಿಂದ 8), ಚಿನ್ ಅಪ್ (ಪೈಪಿಗೆ ನೇತಾಡಿ ಗಲ್ಲ ಮೇಲೆ ಬರುವವರೆಗೆ ಮೈ ಎಳೆಯುವುದು) 3 ಸೆಟ್, ಒಂದು ಕಾಲು ಹಿಂದಿಟ್ಟು ಮಾಡುವ ಬಸ್ಕಿ ಕಾಲಿಗೆ 10ರಂತೆ 2 ಸೆಟ್.

ದೊಡ್ಡ ವ್ಯಾಯಾಮಗಳ ಸೆಟ್ಟುಗಳ ನಡುವೆ 2ರಿಂದ 3 ನಿಮಿಷ ಬಿಡುವು, ಉಳಿದವಕ್ಕೆ ಒಂದೂವರೆ ನಿಮಿಷ. ಒಂದು ಗಂಟೆಯೊಳಗೆ ಮುಗಿಯುತ್ತದೆ. ರೆಟ್ಟೆಗೆ ಬೇರೆ ಕಸರತ್ತು ಬೇಕೇ ಬೇಕು ಅನ್ನುವವರು ಕೊನೆಯಲ್ಲಿ 2 ಸೆಟ್ ಸೇರಿಸಿಕೊಳ್ಳಲಿ, ತಕರಾರಿಲ್ಲ. ಸೋಮವಾರ ಎದೆ, ಮಂಗಳವಾರ ರೆಟ್ಟೆ ಎಂದು ಆರು ದಿನ ಹಂಚುವ ಪಟ್ಟಿ ಮಾತ್ರ ಹೊಸಬರಿಗೆ ದಂಡ. ಮದುವೆ, ಮಳೆ, ಕರೆಂಟ್ ಅಂತ ಎರಡು ದಿನ ತಪ್ಪಿದರೆ ಆ ವಾರ ಕಾಲಿಗೆ ಕೆಲಸವೇ ಇರುವುದಿಲ್ಲ.

ಎಷ್ಟು ಭಾರದಿಂದ ಶುರು ಮಾಡಬೇಕು, ಯಾವಾಗ ಏರಿಸಬೇಕು?

8 ರೆಪ್ ಮಾಡಿ ನಿಲ್ಲಿಸಿದಾಗ ಇನ್ನೂ 3 ರೆಪ್ ಸರಿಯಾಗಿ ಮಾಡಬಲ್ಲೆ ಅನ್ನಿಸುವ ಭಾರದಿಂದ. ಮೊದಲ ದಿನ ಹಗುರ ಅನ್ನಿಸಿದರೆ ಅದೇ ಸರಿಯಾದ ಭಾರ.

ಏರಿಸುವ ಕ್ರಮ ಹೀಗೆ. ಬೆಂಚಿನಲ್ಲಿ 40 ಕೆ.ಜಿ.ಗೆ ಮೊದಲ ದಿನ 7, 6, 5 ರೆಪ್ ಬಂತು ಎಂದುಕೊಳ್ಳಿ. ಮೂರೂ ಸೆಟ್ಟಿನಲ್ಲಿ 8 ಬರುವವರೆಗೂ 40ರಲ್ಲೇ ಇರಿ. 8, 8, 8 ಬಂದ ಮುಂದಿನ ಸಲ 42.5. ಸ್ಕ್ವಾಟ್, ಡೆಡ್‌ಲಿಫ್ಟಿಗೆ ಮೊದಲ ಎರಡು ಮೂರು ತಿಂಗಳು 5 ಕೆ.ಜಿ.ಯಂತೆ ಏರಿಸಬಹುದು, ಆಮೇಲೆ 2.5. ಪ್ರೆಸ್‌ನಲ್ಲಿ 2.5 ಕೂಡ ಹೆಚ್ಚಾಗುವ ದಿನ ಬೇಗ ಬರುತ್ತದೆ, ಆಗ ಒಂದೂಕಾಲು ಕೆ.ಜಿ. ಪ್ಲೇಟಿನ ಜಾಗಕ್ಕೆ ಅರ್ಧ ಕೆ.ಜಿ. ಪ್ಲೇಟುಗಳನ್ನು ಹಾಕಿ.

ಸತತ ಮೂರು ಸಲ ಒಂದು ರೆಪ್ಪೂ ಏರದಿದ್ದರೆ ಮೊದಲು ನಿದ್ದೆ, ಊಟ, ಆ ವಾರದ ತೋಟದ ಕೆಲಸ ನೋಡಿ. ಅವು ಸರಿಯಿದ್ದರೆ ಭಾರವನ್ನು ನೂರಕ್ಕೆ ಹತ್ತರಷ್ಟು ಇಳಿಸಿ ಮತ್ತೆ ಹತ್ತಿ. ಬರೆದಿಡದವನಿಗೆ ತಾನು ನಿಂತಲ್ಲೇ ನಿಂತಿರುವುದು ಗೊತ್ತಾಗುವುದೇ ಇಲ್ಲ.

ನಮ್ಮ ಜಿಮ್ಮಿನ ರಾಡು 20 ಕೆ.ಜಿ. ಎಂದೇ ಲೆಕ್ಕ ಹಾಕಬೇಕಾ?

ಬೇಡ. ತುದಿಯಲ್ಲಿ 50 ಮಿ.ಮೀ. ದಪ್ಪದ ತೋಳು ತಿರುಗುವ, ಸುಮಾರು 7 ಅಡಿ 2 ಇಂಚಿನ ರಾಡು 20 ಕೆ.ಜಿ. ಇರುತ್ತದೆ. ಸಣ್ಣ ಊರಿನ ಜಿಮ್ಮುಗಳಲ್ಲಿ ಹೆಚ್ಚಾಗಿ ಸಿಗುವ ಸಪೂರ ರಾಡು ಅದರ ಅರ್ಧವೂ ಇರದೆ ಹೋಗಬಹುದು. ಪ್ಲೇಟುಗಳ ಮೇಲಿನ ಅಂಕಿಯೂ ಯಾವಾಗಲೂ ನಿಜವಲ್ಲ. ಕಾಫಿ ತೂಗುವ ತಕ್ಕಡಿ ಇಲ್ಲದ ಊರು ನಮ್ಮಲ್ಲಿಲ್ಲ, ಒಮ್ಮೆ ತೂಗಿ ಪ್ಲೇಟಿನ ಮೇಲೆ ಪೇಂಟಿನಲ್ಲಿ ಬರೆದುಬಿಡಿ.

ಡೆಡ್‌ಲಿಫ್ಟ್ ಮಾಡಿದರೆ ಕೆಳಬೆನ್ನು ನೋಯುತ್ತದೆ. ಬಿಟ್ಟುಬಿಡಲಾ?

ಮೊದಲು ರಾಡು ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂದು ಅಳೆಯಿರಿ. 45 ಸೆಂ.ಮೀ. ಅಗಲದ ದೊಡ್ಡ ಪ್ಲೇಟು ಹಾಕಿದಾಗ ರಾಡಿನ ಮಧ್ಯಭಾಗ ನೆಲದಿಂದ 22.5 ಸೆಂ.ಮೀ. ಮೇಲೆ ಬರುತ್ತದೆ. 10 ಕೆ.ಜಿ.ಯ ಸಣ್ಣ ಕಬ್ಬಿಣದ ಪ್ಲೇಟು ಹಾಕಿದರೆ ರಾಡು ಅದಕ್ಕಿಂತ ಎಷ್ಟೋ ಕೆಳಗೆ ಕೂರುತ್ತದೆ. ಅಷ್ಟು ಕೆಳಗೆ ಬೆನ್ನು ಬಾಗಿಸದೆ ಇಳಿಯಲು ಬಹಳ ಜನರ ಸೊಂಟ ಬಿಡುವುದಿಲ್ಲ. ನೋವಿನ ಮೂಲ ಎಷ್ಟೋ ಸಲ ಇಷ್ಟೇ. ಪ್ಲೇಟುಗಳ ಕೆಳಗೆ ಗಟ್ಟಿ ಮರದ ತುಂಡು ಇಟ್ಟು ರಾಡನ್ನು ಆ ಎತ್ತರಕ್ಕೆ ತನ್ನಿ.

ಆಮೇಲೆ ಎತ್ತುವ ರೀತಿ. ರಾಡು ಪಾದದ ನಡುಮಧ್ಯದ ಮೇಲೆ, ಮೊಣಕಾಲ ಕೆಳಗಿನ ಮೂಳೆಯಿಂದ ಎರಡು ಬೆರಳು ದೂರದಲ್ಲಿರಲಿ. ಸೊಂಟವನ್ನು ಹಿಂದಕ್ಕೆ ತಳ್ಳಿ ಬಗ್ಗಿ ರಾಡು ಹಿಡಿಯಿರಿ, ಮೂಳೆ ರಾಡಿಗೆ ತಾಗುವವರೆಗೆ ಮಂಡಿ ಮುಂದೆ ತನ್ನಿ. ಹೊಟ್ಟೆ ತುಂಬ ಉಸಿರು ಎಳೆದು, ಯಾರೋ ಗುದ್ದಲು ಬರುತ್ತಿದ್ದಾರೆ ಎಂಬಂತೆ ಹೊಟ್ಟೆ ಬಿಗಿ ಮಾಡಿ. ಕಂಕುಳಲ್ಲಿ ಒಂದು ಕಿತ್ತಳೆ ಹಿಂಡುತ್ತಿದ್ದೀರಿ ಅಂದುಕೊಂಡು ರಾಡನ್ನು ಮೈಗೆ ಒತ್ತಿಯೇ ಇಟ್ಟು, ನೆಲವನ್ನು ಕಾಲಿನಿಂದ ತಳ್ಳಿ. ರಾಡು ಮೈಯಿಂದ ನಾಲ್ಕು ಬೆರಳು ದೂರ ಸರಿದರೂ ಬೆನ್ನಿನ ಮೇಲಿನ ಹೊರೆ ಏರುತ್ತದೆ. ರಾಡಿಗಿಂತ ಮೊದಲು ಸೊಂಟ ಮೇಲೆದ್ದರೆ ಭಾರ ಹೆಚ್ಚಾಗಿದೆ ಎಂದರ್ಥ. ಮೇಲೆ ನಿಂತ ಮೇಲೆ ಹಿಂದಕ್ಕೆ ಬಾಗುವ ಗತ್ತು ಬೇಡ.

ಮರುದಿನ ಬೆನ್ನಿನ ಎರಡೂ ಬದಿ ಹಿಡಿದಂತಾಗುವುದು ಸಹಜ, ಎರಡು ಮೂರು ದಿನಕ್ಕೆ ಹೋಗುತ್ತದೆ. ಪೃಷ್ಠದಿಂದ ಮಂಡಿ ದಾಟಿ ಕಾಲಿಗಿಳಿಯುವ ನೋವು, ಪಾದದಲ್ಲಿ ಜೋಮು ಅಥವಾ ಬಲ ಕುಂದುವುದು ಕಂಡರೆ ಭಾರ ನಿಲ್ಲಿಸಿ ಮೂಳೆ ವೈದ್ಯರನ್ನು ನೋಡಿ. ತೊಡೆಸಂದಿನ ಸುತ್ತ ಮರಗಟ್ಟಿದರೆ, ಮೂತ್ರ ಕಟ್ಟಿದರೆ ಅದು ಅದೇ ದಿನ ಆಸ್ಪತ್ರೆಗೆ ಹೋಗಬೇಕಾದ ವಿಷಯ.

50 ಕೆ.ಜಿ. ಕಾಫಿ ಚೀಲಕ್ಕೂ ಇದೇ ರೀತಿಯಾ?

ಪೂರ್ತಿ ಅಲ್ಲ. ಚೀಲಕ್ಕೆ ಹಿಡಿಯಿಲ್ಲ, ಒಳಗಿನ ಕಾಫಿ ಸರಿದಾಡುತ್ತದೆ. ಚೀಲವನ್ನು ಕಾಲುಗಳ ನಡುವೆ ನಿಲ್ಲಿಸಿ, ಅಪ್ಪಿಕೊಂಡು ಮೊದಲು ತೊಡೆಯ ಮೇಲೆ ತನ್ನಿ, ಅಲ್ಲಿ ಹಿಡಿತ ಬದಲಿಸಿ ಎದೆಗೆ ಏರಿಸಿ. ಬೆನ್ನು ಕೆಡಿಸುವುದು ಎತ್ತುವುದಕ್ಕಿಂತ ಹೆಚ್ಚಾಗಿ, ಎತ್ತಿದ ಮೇಲೆ ಕಾಲು ನೆಟ್ಟಲ್ಲೇ ಇಟ್ಟು ಸೊಂಟ ತಿರುಗಿಸಿ ಜೀಪಿಗೆ ಎಸೆಯುವುದು. ಕಾಲನ್ನೇ ತಿರುಗಿಸಿ ಹೆಜ್ಜೆ ಇಡಿ.

ಸ್ಕ್ವಾಟ್ ಮಂಡಿಗೆ ಕೆಟ್ಟದ್ದಾ?

ಅಲ್ಲ. ಮಂಡಿ ಕಾಲಬೆರಳು ದಾಟಬಾರದು ಎನ್ನುವುದೂ ಹಳೆಯ ತಪ್ಪು ಕಲ್ಪನೆ. ಹಿಮ್ಮಡಿ ಏಳಬಾರದು, ಮಂಡಿ ಒಳಕ್ಕೆ ಮಡಿಯಬಾರದು, ಇವೆರಡು ಸಾಕು. ತಡಿಯಂಡಮೋಳ್‌ನಂಥ ಬೆಟ್ಟ ಇಳಿದ ಮರುದಿನ ಮಂಡಿಯ ಮುಂಭಾಗ ನೋಯುತ್ತಿದ್ದರೆ ಅದು ಇಳಿಜಾರಿನ ಪ್ರತಾಪ, ಆ ವಾರ ಸ್ಕ್ವಾಟ್ ಹಗುರ ಮಾಡಿ.

ಮಳೆಗಾಲದಲ್ಲಿ ಜಿಮ್ಮಿಗೆ ಹೋಗಲಾಗುವುದಿಲ್ಲ. ಮನೆಯಲ್ಲಿ ಏನೇನು ಬೇಕು?

ಒಂದು ರಾಡು, ಒಟ್ಟು 60ರಿಂದ 80 ಕೆ.ಜಿ. ಪ್ಲೇಟು, ಒಂದು ಗಟ್ಟಿ ಬೆಂಚು, ಸ್ಕ್ವಾಟಿಗೆ ಎರಡು ಸ್ಟ್ಯಾಂಡು, ನೇತಾಡಲು ಒಂದು ಪೈಪು. ಇಷ್ಟಕ್ಕೆ 8 ಅಡಿ ಉದ್ದ, 8 ಅಡಿ ಅಗಲದ ಜಾಗ ಸಾಕು. ಕಾಫಿ ಗೋಡೌನಿನ ಮೂಲೆ ಮೇ ತಿಂಗಳ ನಂತರ ಹೇಗೂ ಖಾಲಿ. ನೆಲಕ್ಕೆ ಜಿಮ್ ಮ್ಯಾಟ್ ಎಂದು ಹುಡುಕುವ ಬದಲು ಹಸುವಿನ ಕೊಟ್ಟಿಗೆಗೆ ಹಾಸುವ ದಪ್ಪ ರಬ್ಬರ್ ಮ್ಯಾಟ್ ತನ್ನಿ. ಅದೂ ಹೊರೆ ತಾಳಲೆಂದೇ ಮಾಡಿದ್ದು.

ಚಿನ್ ಅಪ್ಪಿಗೆ 1 ಇಂಚಿನ ಜಿಐ ಪೈಪು ಸರಿ. ಅದರ ಹೊರ ಅಳತೆ ಸುಮಾರು 33 ಮಿ.ಮೀ., ಕೈಹಿಡಿತಕ್ಕೆ ಹೇಳಿ ಮಾಡಿಸಿದಂತೆ. ತೆಳುವಾದದ್ದು ಬಾಗುತ್ತದೆ, ಮಧ್ಯಮ ದಪ್ಪದ ಬಿ ಕ್ಲಾಸ್ ಕೇಳಿ ತನ್ನಿ, ಎರಡು ಕಂಬಗಳ ನಡುವಿನ ಅಂತರ 4 ಅಡಿ ದಾಟದಿರಲಿ. ಹಂಚಿನ ಮಾಡಿನ ಹಳೆಯ ಪಕಾಸಿಗೆ ಹಗ್ಗ ಕಟ್ಟಿ ನೇತಾಡಬೇಡಿ. ಒಳಗೆ ಗೆದ್ದಲು ತಿಂದಿದ್ದರೆ ಹೊರಗೆ ಕಾಣುವುದಿಲ್ಲ.

ಕೊಡಗಿನ ಮಳೆಗಾಲದಲ್ಲಿ ಕಬ್ಬಿಣಕ್ಕೆ ವಾರದಲ್ಲಿ ತುಕ್ಕು ಬರುತ್ತದೆ. ಬೆವರಿನ ಉಪ್ಪು ಸೇರಿದರೆ ಇನ್ನೂ ಬೇಗ. ಪ್ರತಿ ಸಲ ಒಣಬಟ್ಟೆಯಲ್ಲಿ ಒರೆಸಿ, ವಾರಕ್ಕೊಮ್ಮೆ ಹೊಲಿಗೆ ಮಿಷನ್ನಿನ ಎಣ್ಣೆಯನ್ನು ತೆಳುವಾಗಿ ಸವರಿ, ಹಿಡಿಯುವ ಮೊದಲು ಮತ್ತೆ ಒರೆಸಿಕೊಳ್ಳಿ. ತುಕ್ಕು ಬಂದಾಗಿದ್ದರೆ ತಂತಿ ಬ್ರಷ್ಷಿನಿಂದ ಉಜ್ಜಿ ಎಣ್ಣೆ ಹಚ್ಚಿ. ಪ್ಲೇಟು ನೆಲಕ್ಕೆ ತಾಗದಂತೆ ಹಲಗೆಯ ಮೇಲಿಡಿ. ಒದ್ದೆ ಚಪ್ಪಲಿಯಲ್ಲಿ, ಗಮ್ ಬೂಟಿನಲ್ಲಿ ಸ್ಕ್ವಾಟ್ ಮಾಡಬಾರದು, ಬರಿಗಾಲಾದರೂ ಆದೀತು.

ಮಳೆಗಾಲ ಇನ್ನೊಂದು ಲೆಕ್ಕದಲ್ಲಿ ವರ್ಷದ ಅತ್ಯುತ್ತಮ ಕಾಲ. ತೋಟದಲ್ಲಿ ಕೆಲಸ ಕಡಿಮೆ, ಓಡಾಟ ಕಡಿಮೆ, ಹಸಿವು ಜಾಸ್ತಿ. ಮೈ ಬೆಳೆಸುವ ನಾಲ್ಕು ತಿಂಗಳು ಎಂದು ಇದನ್ನೇ ಇಟ್ಟುಕೊಳ್ಳಿ. ಹೊಟ್ಟೆ ಇಳಿಸುವುದನ್ನು ಫೆಬ್ರವರಿ ಮಾರ್ಚಿನ ಬಿಸಿಲಿಗೆ ಬಿಡಿ.

ತಿಂಗಳುಗಟ್ಟಲೆ ಬಿಸಿಲು ಕಾಣದೆ ಮೈಕೈ ನೋವು, ಸುಸ್ತು ಹೋಗದಿದ್ದರೆ ವಿಟಮಿನ್ ಡಿ ರಕ್ತಪರೀಕ್ಷೆ ಮಾಡಿಸಿ. 60,000 ಯೂನಿಟ್ಟಿನ ಪುಡಿಯನ್ನು ವೈದ್ಯರು ಹೇಳಿದಷ್ಟು ವಾರ ಮಾತ್ರ ತೆಗೆದುಕೊಳ್ಳಬೇಕು. ವರ್ಷಗಟ್ಟಲೆ ನುಂಗಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೆ ಕುತ್ತು.

ಕೊಯ್ಲಿನ ಸಮಯದಲ್ಲಿ ಹೇಗೆ ಸಂಭಾಳಿಸುವುದು?

ಅರೇಬಿಕಾ, ಅದರ ಹಿಂದೆಯೇ ರೋಬಸ್ಟಾ. ಕಣದ ಕೆಲಸವೂ ಸೇರಿ ಮಾರ್ಚ್‌ವರೆಗೆ ಉಸಿರಾಡಲು ಬಿಡುವಿರುವುದಿಲ್ಲ. ಆಗ ಗಳಿಸಿದ್ದನ್ನು ಉಳಿಸಿಕೊಂಡರೆ ಸಾಕು, ಉಳಿಸಲು ಬೇಕಾದದ್ದು ಬಹಳ ಕಡಿಮೆ. ವಾರಕ್ಕೆ ಎರಡು ದಿನ, ದಿನಕ್ಕೆ 30 ನಿಮಿಷ. ಸ್ಕ್ವಾಟ್, ಪ್ರೆಸ್ ಅಥವಾ ಬೆಂಚ್, ಚಿನ್ ಅಪ್, ತಲಾ 2 ಸೆಟ್. ಸೆಟ್ಟು ಕಡಿಮೆ ಮಾಡಿ, ಭಾರ ಕಡಿಮೆ ಮಾಡಬೇಡಿ. ಇದು ಮುಖ್ಯ: ಭಾರ ಉಳಿದರೆ ಬಲ ಉಳಿಯುತ್ತದೆ. ಚೀಲ ಎತ್ತುವ ದಿನ ಡೆಡ್‌ಲಿಫ್ಟ್ ಬೇಡ, ಆ ಕೆಲಸ ಆಗಲೇ ಆಗಿದೆ.

ದಿನಕ್ಕೆ ಎಷ್ಟು ಪ್ರೋಟೀನ್ ಬೇಕು?

ಭಾರ ಎತ್ತುವ ಗಂಡಸಿಗೆ ದೇಹತೂಕದ ಪ್ರತಿ ಕೆ.ಜಿ.ಗೆ ಸುಮಾರು 1.6 ಗ್ರಾಂ. 70 ಕೆ.ಜಿ. ಇದ್ದರೆ 110 ಗ್ರಾಂ ಆಸುಪಾಸು. ತೂಕ ಇಳಿಸುತ್ತಿದ್ದರೆ 2 ಗ್ರಾಂವರೆಗೆ ಹೋಗಬಹುದು. ಹೊಟ್ಟೆ ದೊಡ್ಡದಿರುವವರು ಇರುವ ತೂಕಕ್ಕಲ್ಲ, ತಲುಪಬೇಕಾದ ತೂಕಕ್ಕೆ ಲೆಕ್ಕ ಹಾಕಲಿ.

ಹಸಿಯಾಗಿ ತೂಗಿದ ಲೆಕ್ಕ: 100 ಗ್ರಾಂ ಕೋಳಿಯ ಎದೆಮಾಂಸದಲ್ಲಿ 22, ಮತ್ತಿ ಅಥವಾ ಬಂಗುಡೆಯ ತಿನ್ನುವ ಭಾಗದಲ್ಲಿ 19ರಿಂದ 20, ಒಂದು ಮೊಟ್ಟೆಯಲ್ಲಿ 6, ಕಾಲು ಲೀಟರ್ ಹಾಲಿನಲ್ಲಿ 8, 100 ಗ್ರಾಂ ಹುರುಳಿ ಅಥವಾ ತೊಗರಿಯಲ್ಲಿ 22 ಗ್ರಾಂ. ಅಕ್ಕಿಯಲ್ಲೂ 100ಕ್ಕೆ 7 ಇದೆ, ದಿನಕ್ಕೆ 300 ಗ್ರಾಂ ಅಕ್ಕಿ ತಿನ್ನುವವನಿಗೆ ಅಲ್ಲೇ 20 ಗ್ರಾಂ ಬಂತು.

ಕೊಡಗಿನ ಮಾಂಸಾಹಾರಿ ಮನೆಗಳಲ್ಲಿ ಪ್ರೋಟೀನ್ ಒಟ್ಟಾರೆ ಕಡಿಮೆಯೇನಲ್ಲ, ಹಂಚಿಕೆ ಕೆಟ್ಟಿರುತ್ತದೆ. ಬೆಳಿಗ್ಗೆ ಅಕ್ಕಿರೊಟ್ಟಿ ಮತ್ತು ಚಟ್ನಿ, ಮಧ್ಯಾಹ್ನ ಅನ್ನ ಸಾರು, ಭಾನುವಾರ ರಾತ್ರಿ ಒಂದೇ ಏಟಿಗೆ ಅರ್ಧ ಕೆ.ಜಿ. ಮಾಂಸ. ಅದರ ಬದಲು ದಿನಕ್ಕೆ ಮೂರು ಹೊತ್ತು, ಹೊತ್ತಿಗೆ 30ರಿಂದ 40 ಗ್ರಾಂ ಬರುವಂತೆ ನೋಡಿ. ಬೆಳಗಿನ ರೊಟ್ಟಿಗೆ ಮೂರು ಮೊಟ್ಟೆ ಸೇರಿಸಿದರೆ ಅರ್ಧ ಸಮಸ್ಯೆ ಮುಗಿಯಿತು.

ಪಂದಿ ಕರಿ (ಹಂದಿಮಾಂಸದ ಕರಿ) ತಿನ್ನುತ್ತಾ ಮೈ ಇಳಿಸಬಹುದಾ?

ತಿನ್ನಬಹುದು, ತುಂಡು ನೋಡಿ ತಿನ್ನಿ. ಹಿಂದೊಡೆಯ ಕೊಬ್ಬಿಲ್ಲದ 100 ಗ್ರಾಂ ಹಸಿ ಮಾಂಸದಲ್ಲಿ 21 ಗ್ರಾಂ ಪ್ರೋಟೀನ್, ಸುಮಾರು 140 ಕ್ಯಾಲೊರಿ. ಹೊಟ್ಟೆಭಾಗದ ಅಷ್ಟೇ ತೂಕದ ತುಂಡಿನಲ್ಲಿ ಪ್ರೋಟೀನ್ 9 ಗ್ರಾಂ, ಕ್ಯಾಲೊರಿ 500 ದಾಟುತ್ತದೆ. ಹೆಸರು ಒಂದೇ, ಲೆಕ್ಕ ಮೂರೂವರೆ ಪಟ್ಟು ಬೇರೆ. ಮಾಂಸ ತನ್ನ ಕೊಬ್ಬಿನಲ್ಲೇ ಬೇಯುವುದರಿಂದ ಬೇರೆ ಎಣ್ಣೆ ಹಾಕುವುದು ಅನಗತ್ಯ. ಮುಂಚಿನ ದಿನವೇ ಮಾಡಿ ತಣ್ಣಗಿಟ್ಟರೆ ಕೊಬ್ಬು ಮೇಲೆ ಹೆಪ್ಪುಗಟ್ಟುತ್ತದೆ. ಒಂದು ದೊಡ್ಡ ಚಮಚ ತೆಗೆದರೆ 120 ಕ್ಯಾಲೊರಿ ಹೋಯಿತು. ರುಚಿ ಹೋಗುವುದಿಲ್ಲ, ಅದು ಹುರಿದ ಮಸಾಲೆಯಲ್ಲೂ ಕಾಚಂಪುಳಿ ಎಂಬ ಕಪ್ಪು ಹುಳಿರಸದಲ್ಲೂ ಇದೆ. ಜಿಮ್ಮಿಗಾಗಿ ಎಂದು ಅರೆಬೇಯಿಸಿದ ಹಂದಿ ತಿನ್ನುವ ಹೊಸ ಶೋಕಿ ಬೇಡ, ಲಾಡಿಹುಳುವಿನ ಭಯ ನಿಜವಾದದ್ದು.

ಅಕ್ಕಿ ಬಿಡಲೇಬೇಕಾ?

ಬೇಡ. 100 ಗ್ರಾಂ ಅಕ್ಕಿ, ತರಿ ಅಥವಾ ಹಿಟ್ಟು, ಯಾವ ರೂಪದಲ್ಲಿದ್ದರೂ 350 ಕ್ಯಾಲೊರಿ. ಕಡಂಬುಟ್ಟು (ಅಕ್ಕಿತರಿಯ ಉಂಡೆ), ನೂಪುಟ್ಟು (ಅಕ್ಕಿಶಾವಿಗೆ) ಹಬೆಯಲ್ಲಿ ಬೇಯುವುದರಿಂದ ಎಣ್ಣೆಯ ಲೆಕ್ಕ ಸೇರುವುದಿಲ್ಲ. ಅಕ್ಕಿತರಿಯದೇ ಇನ್ನೊಂದು ತಿಂಡಿ ಪಾಪುಟ್ಟಿನಲ್ಲಿ ತೆಂಗಿನಕಾಯಿ ಸೇರುತ್ತದೆ. ಮನೆಯಲ್ಲಿ ಒಮ್ಮೆ ತೂಗಿ ನೋಡಿ: 350 ಗ್ರಾಂ ತರಿಯಲ್ಲಿ 10 ಕಡಂಬುಟ್ಟು ಆದರೆ ಒಂದಕ್ಕೆ 120 ಕ್ಯಾಲೊರಿ ಮೇಲೆ. ನಾಲ್ಕು ತಿಂದರೆ ಸುಮಾರು 500. ಎಂಟು ತಿಂದು ‘ಎಣ್ಣೆಯೇ ಇಲ್ಲವಲ್ಲ’ ಅನ್ನುವುದು ನಮ್ಮಲ್ಲಿ ಸಾಮಾನ್ಯ. ಭಾರ ಎತ್ತುವ ದಿನ ಅನ್ನ ಜಾಸ್ತಿ, ಕೂತ ದಿನ ಕಡಿಮೆ, ಅಷ್ಟೇ ನಿಯಮ.

ನಾನು ಸಸ್ಯಾಹಾರಿ. 110 ಗ್ರಾಂ ಸಾಧ್ಯವಾ?

ಸಾಧ್ಯ, ಆದರೆ ಸೊಪ್ಪು ಸಾರಿನಿಂದ ಆಗುವುದಿಲ್ಲ. ಒಂದು ದಿನದ ಲೆಕ್ಕ: ಒಣ ಸೋಯಾ ಚಂಕ್ಸ್ 50 ಗ್ರಾಂ (26), ಹಾಲು ಅರ್ಧ ಲೀಟರ್ (16), ಮೊಸರು 300 ಗ್ರಾಂ (10), ಬೇಳೆ 60 ಗ್ರಾಂ (13), ಹುರುಳಿ 50 ಗ್ರಾಂ (11), ಕಡಲೆಕಾಯಿ ಬೀಜ 40 ಗ್ರಾಂ (10), ಅಕ್ಕಿ ರಾಗಿ ಎಲ್ಲ ಸೇರಿ 340 ಗ್ರಾಂ (24). ಒಟ್ಟು 110. ಸೋಯಾ ಒಗ್ಗದವರಿಗೆ 150 ಗ್ರಾಂ ಪನೀರು ಅದೇ ಜಾಗ ತುಂಬುತ್ತದೆ, ಕೊಬ್ಬು ಮಾತ್ರ ಏರುತ್ತದೆ. ಬೈಂಬಳೆ (ಕಳಲೆ, ಅಂದರೆ ಎಳೆ ಬಿದಿರು), ಅಣಬೆ ರುಚಿಗೆ ಸರಿ, ಪ್ರೋಟೀನ್ ಲೆಕ್ಕಕ್ಕೆ ಹಿಡಿಯಬೇಡಿ. ಕಳಲೆಯನ್ನು ನೀರು ಬದಲಿಸುತ್ತಾ ನೆನೆಸಿ ಬೇಯಿಸುವ ಹಿರಿಯರ ಪದ್ಧತಿ ಬಿಡಬಾರದು. ಹಸಿ ಕಳಲೆಯಲ್ಲಿ ಸಯನೈಡ್ ಬಿಡುವ ಅಂಶವಿದೆ.

ಹೊಟ್ಟೆ ಮಾತ್ರ ಕರಗಿಸಲು ಯಾವ ವ್ಯಾಯಾಮ?

ಯಾವುದೂ ಇಲ್ಲ. ಹೊಟ್ಟೆಯ ಕಸರತ್ತು ಹೊಟ್ಟೆಯ ಮಾಂಸಖಂಡವನ್ನು ಬಲಪಡಿಸುತ್ತದೆ, ಅದರ ಮೇಲಿನ ಕೊಬ್ಬಿಗೆ ಅದರ ಸುದ್ದಿಯೇ ಇಲ್ಲ. ಭಾರತೀಯ ಗಂಡಸರಿಗೆ ಸೊಂಟದ ಸುತ್ತಳತೆ 90 ಸೆಂ.ಮೀ. ದಾಟಿದರೆ ಸಕ್ಕರೆ ಕಾಯಿಲೆ, ಹೃದ್ರೋಗದ ಅಪಾಯ ಏರುತ್ತದೆ. ಪ್ಯಾಂಟಿನ ಅಳತೆ ನಂಬಬೇಡಿ, ಟೇಪು ಹಿಡಿಯಿರಿ.

ತೂಕ ಏರದೆ ಇಳಿಯದೆ ನಿಲ್ಲಲು ಮಧ್ಯಮ ಓಡಾಟದವನಿಗೆ ಕೆ.ಜಿ.ಗೆ ಸುಮಾರು 31 ಕ್ಯಾಲೊರಿ ಬೇಕು. 75 ಕೆ.ಜಿ.ಯವನಿಗೆ 2,300 ಚಿಲ್ಲರೆ. ಅದರಿಂದ 400 ಕಳೆಯಿರಿ. ದಿನಾ ಬೆಳಿಗ್ಗೆ ತೂಕ ನೋಡಿ, ವಾರದ ಸರಾಸರಿ ತೆಗೆಯಿರಿ. ವಾರಕ್ಕೆ 350ರಿಂದ 400 ಗ್ರಾಂ ಇಳಿದರೆ ಸರಿಯಾಗಿದೆ. ಒಂದು ಕೆ.ಜಿ.ಗಿಂತ ಹೆಚ್ಚು ಇಳಿಯುತ್ತಿದ್ದರೆ ಅದರಲ್ಲಿ ಮಾಂಸಖಂಡವೂ ಇದೆ. ಮೈ ಬೆಳೆಸುವವರು ಇದೇ ಲೆಕ್ಕಕ್ಕೆ 250 ಕೂಡಿಸಿ, ತಿಂಗಳಿಗೆ ಒಂದು ಕೆ.ಜಿ. ಏರಿದರೆ ಸಾಕು.

ಕಾಚಂಪುಳಿ ಕೊಬ್ಬು ಕರಗಿಸುತ್ತದಂತೆ, ಹೌದಾ?

ಈ ಸುದ್ದಿಗೆ ಒಂದು ಮೂಲ ಇದೆ. ತೂಕ ಇಳಿಸುವ ಮಾತ್ರೆಗಳ ಡಬ್ಬಿಯ ಮೇಲೆ ಕಾಣುವ ಗಾರ್ಸಿನಿಯಾ ಕಾಂಬೋಜಿಯಾ ಎಂಬುದು ನಮ್ಮ ಕಾಚಂಪುಳಿಯ ಹಣ್ಣೇ. ಅದರಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲವನ್ನು ಸಾಂದ್ರ ಮಾಡಿ ಮಾರುತ್ತಾರೆ. ಮನುಷ್ಯರ ಮೇಲಿನ ಪ್ರಯೋಗಗಳಲ್ಲಿ ಹೇಳಿಕೊಳ್ಳುವಷ್ಟು ತೂಕ ಇಳಿದಿಲ್ಲ, ಬದಲಿಗೆ ಈ ಮಾತ್ರೆ ನುಂಗಿದ ಕೆಲವರ ಯಕೃತ್ತು ಕೆಟ್ಟ ಪ್ರಕರಣಗಳು ದಾಖಲಾಗಿವೆ. ಕರಿಗೆ ಹಾಕುವ ಒಂದೆರಡು ಚಮಚ ಕಾಚಂಪುಳಿ ಅಡುಗೆಯ ಹುಳಿ, ಅದರಿಂದ ತೊಂದರೆಯಿಲ್ಲ. ಬಿಸಿನೀರಿಗೆ ಹಾಕಿ ಬರಿ ಹೊಟ್ಟೆಗೆ ಕುಡಿಯುವವರಿಗೆ ಸಿಗುವುದು ಎದೆಯುರಿ ಮತ್ತು ಹಲ್ಲು ಜುಮ್ಮೆನ್ನುವುದು.

ವ್ಯಾಯಾಮಕ್ಕೆ ಮೊದಲು ಕಾಫಿ?

ಪ್ರೀ ವರ್ಕೌಟ್ ಡಬ್ಬಿಯಲ್ಲಿ ನಿಜವಾಗಿ ಕೆಲಸ ಮಾಡುವ ವಸ್ತು ಹೆಚ್ಚಾಗಿ ಕೆಫೀನೇ. ಅದನ್ನು ಬೆಳೆಯುವ ಊರಿನವರು ದುಡ್ಡು ಕೊಟ್ಟು ಡಬ್ಬಿಯಲ್ಲಿ ತರಿಸುವುದು ತಮಾಷೆಯೇ ಸರಿ. ಕೆ.ಜಿ.ಗೆ 3 ಮಿ.ಗ್ರಾಂ ಸಾಕು, 70 ಕೆ.ಜಿ.ಗೆ 210. ರೋಬಸ್ಟಾದಲ್ಲಿ ಅರೇಬಿಕಾದ ಸುಮಾರು ಎರಡು ಪಟ್ಟು ಕೆಫೀನ್ ಇದೆ. 10 ಗ್ರಾಂ ಶುದ್ಧ ರೋಬಸ್ಟಾ ಪುಡಿಯಲ್ಲಿ 200 ಮಿ.ಗ್ರಾಂ ಮೇಲೆ, ಅರೇಬಿಕಾದಲ್ಲಿ 120ರ ಆಸುಪಾಸು. ಚಿಕೋರಿಯಲ್ಲಿ ಕೆಫೀನ್ ಇಲ್ಲವೇ ಇಲ್ಲ, ಬೆರಕೆ ಎಷ್ಟೋ ಅಷ್ಟು ಕಡಿಮೆ ಮಾಡಿಕೊಳ್ಳಿ. ವ್ಯಾಯಾಮಕ್ಕೆ 45 ನಿಮಿಷ ಮೊದಲು ಕುಡಿಯಿರಿ. ಕುಡಿದದ್ದರಲ್ಲಿ ಅರ್ಧದಷ್ಟು ಐದು ಗಂಟೆಯ ನಂತರವೂ ರಕ್ತದಲ್ಲಿರುವುದರಿಂದ ಸಂಜೆ ಆರರ ಜಿಮ್ಮಿನವರು ರಾತ್ರಿಯ ನಿದ್ದೆ ಕಳೆದುಕೊಳ್ಳುತ್ತಾರೆ. ದಿನಕ್ಕೆ ಒಟ್ಟು 400 ಮಿ.ಗ್ರಾಂ ದಾಟಬೇಡಿ. ಬೆಲ್ಲದ ಕಾಫಿಯ ಬೆಲ್ಲವೂ ಸಕ್ಕರೆಯೇ: 10 ಗ್ರಾಂಗೆ 38 ಕ್ಯಾಲೊರಿ, ದಿನಕ್ಕೆ ಆರು ಲೋಟ ಕುಡಿಯುವವರು ಗುಣಿಸಿಕೊಳ್ಳಲಿ.

ಒಂದೆರಡು ಪೆಗ್ ಹಾಕಿದರೆ ಏನಾಗುತ್ತದೆ?

ನಮ್ಮಲ್ಲಿ ಮದುವೆ, ಹಬ್ಬ, ತಿಥಿ ಯಾವುದೂ ಇದಿಲ್ಲದೆ ಮುಗಿಯುವುದು ಅಪರೂಪ, ಆದ್ದರಿಂದ ನೇರ ಲೆಕ್ಕ. ಶೇ. 42.8ರ 60 ಮಿ.ಲೀ. ವಿಸ್ಕಿಯಲ್ಲಿ ಸುಮಾರು 140 ಕ್ಯಾಲೊರಿ. ಎರಡು ಲಾರ್ಜ್, ಜೊತೆಗೆ 50 ಗ್ರಾಂ ಕರಿದ ಕಡಲೆಕಾಯಿ ಅಂದರೆ 570. ದಿನವಿಡೀ ಕಳೆದುಳಿಸಿದ 400 ಅರ್ಧ ಗಂಟೆಯಲ್ಲಿ ವಾಪಸ್. ಜೊತೆಗೆ ಮಾಂಸಖಂಡ ಕಟ್ಟುವ ಕೆಲಸ ಆ ರಾತ್ರಿ ಕುಂಠಿತವಾಗುತ್ತದೆ, ನಿದ್ದೆ ಬಂದಂತೆ ಕಂಡರೂ ಆಳವಿರುವುದಿಲ್ಲ. ಭಾರ ಎತ್ತಿದ ರಾತ್ರಿ ಕುಡಿಯದಿರಿ, ಕುಡಿದ ಮರುದಿನ ಡೆಡ್‌ಲಿಫ್ಟ್ ಮಾಡದಿರಿ. ಕುಡಿಯದಿದ್ದರೆ ಇನ್ನೂ ಒಳ್ಳೆಯದು ಎಂಬುದು ಎಲ್ಲರಿಗೂ ಗೊತ್ತಿದೆ.

ವೇ ಪ್ರೋಟೀನ್, ಕ್ರಿಯಾಟಿನ್ ಬೇಕಾ?

ವೇ ಅಂದರೆ ಹಾಲಿನ ಪುಡಿಯ ಜಾಣ ತಮ್ಮ. ಒಂದು ಸ್ಕೂಪಿಗೆ 24 ಗ್ರಾಂ ಆಸುಪಾಸು ಪ್ರೋಟೀನ್. ಊಟದಲ್ಲಿ 110 ತಲುಪುವವರಿಗೆ ಬೇಡ. ಖರೀದಿಸಿದರೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಸಂಖ್ಯೆ, ಬ್ಯಾಚ್, ಸೀಲು ನೋಡಿ. ಬಿಡಿಯಾಗಿ ಪ್ಲಾಸ್ಟಿಕ್ ಚೀಲದಲ್ಲಿ ಕೊಡುವುದನ್ನು ಮುಟ್ಟಬೇಡಿ.

ಕ್ರಿಯಾಟಿನ್ ಮೊನೊಹೈಡ್ರೇಟ್ ಚೆನ್ನಾಗಿ ಪರೀಕ್ಷೆಗೊಳಗಾದ ವಸ್ತು. ದಿನಕ್ಕೆ 3ರಿಂದ 5 ಗ್ರಾಂ, ಯಾವ ಹೊತ್ತಾದರೂ ಸರಿ. ಮೊದಲ ವಾರಗಳಲ್ಲಿ ಒಂದು ಕೆ.ಜಿ. ತೂಕ ಏರುವುದು ಮಾಂಸಖಂಡದೊಳಗಿನ ನೀರು. ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ (ಮೂತ್ರಪಿಂಡದ ಸ್ಥಿತಿ ತಿಳಿಯಲು ನೋಡುವ ಅಂಶ) ಸ್ವಲ್ಪ ಹೆಚ್ಚು ತೋರಿಸಬಹುದು, ವೈದ್ಯರಿಗೆ ಮೊದಲೇ ತಿಳಿಸಿ. ಮೂತ್ರಪಿಂಡದ ಕಾಯಿಲೆ ಇದ್ದವರು ಕೇಳದೆ ಶುರು ಮಾಡಬಾರದು. ಮಳೆಗಾಲದಲ್ಲಿ ಡಬ್ಬಿ ಬಿಗಿಯಾಗಿ ಮುಚ್ಚದಿದ್ದರೆ ಕಲ್ಲಿನಂತೆ ಗಂಟು ಕಟ್ಟುತ್ತದೆ.

ಜಿಮ್ಮಿನಲ್ಲಿ ‘ಕೋರ್ಸ್ ಹಾಕು’ ಅನ್ನುತ್ತಾರೆ.

ಹಾಗೆಂದರೆ ಸ್ಟೀರಾಯ್ಡ್. ಹೊರಗಿನಿಂದ ಟೆಸ್ಟೋಸ್ಟೆರಾನ್ ಬಂದ ಕೂಡಲೇ ಮೆದುಳು ವೃಷಣಗಳಿಗೆ ಆದೇಶ ನಿಲ್ಲಿಸುತ್ತದೆ. ವೃಷಣ ಕುಗ್ಗುತ್ತದೆ, ವೀರ್ಯಾಣು ಸೊನ್ನೆಗೂ ಇಳಿಯಬಹುದು. ಗಂಡಸಿನ ಎದೆ ಹೆಂಗಸಿನಂತೆ ಬೆಳೆಯುತ್ತದೆ, ಒಳ್ಳೆಯ ಕೊಲೆಸ್ಟ್ರಾಲ್ ಕುಸಿಯುತ್ತದೆ, ಮಾತ್ರೆಯ ರೂಪದ್ದು ಯಕೃತ್ತನ್ನು ಸುಡುತ್ತದೆ. ನಿಲ್ಲಿಸಿದ ಮೇಲೆ ಸ್ವಂತ ಹಾರ್ಮೋನ್ ಮರಳಲು ತಿಂಗಳುಗಳು ಬೇಕು, ಕೆಲವರಿಗೆ ಪೂರ್ತಿ ಮರಳುವುದೇ ಇಲ್ಲ. ಆಗಲೇ ತೆಗೆದುಕೊಂಡವರು ನಾಚಿಕೊಂಡು ಮುಚ್ಚಿಡದೆ ಹಾರ್ಮೋನ್ ತಜ್ಞರ ಬಳಿ ಹೋಗಿ, ಚುಚ್ಚಿಕೊಂಡದ್ದರ ಹೆಸರು ಮತ್ತು ದಿನಾಂಕ ಹೇಳಿ.

ಹಾಕಿ ಹಬ್ಬಕ್ಕೆ ಎರಡು ತಿಂಗಳಿದೆ. ಭಾರ ಎತ್ತಿದರೆ ಓಟ ನಿಧಾನ ಆಗುವುದಿಲ್ಲವಾ?

ಆಗುವುದಿಲ್ಲ. ಕರಡದಲ್ಲಿ 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ ಕೌಟುಂಬಿಕ ಹಾಕಿಗೆ ವರ್ಷಕ್ಕೊಮ್ಮೆ ಸ್ಟಿಕ್ ಹಿಡಿಯುವವರೂ ಇಳಿಯುತ್ತಾರೆ. ಅಂಥವರು ಮೊದಲ ಪಂದ್ಯದಲ್ಲೇ ತೊಡೆಯ ಹಿಂಭಾಗ ಹಿಡಿದುಕೊಂಡು ಕೂರುವುದು ಸಾಮಾನ್ಯ. ವರ್ಷವಿಡೀ ಜೋರಾಗಿ ಓಡದ ಕಾಲು ಒಮ್ಮೆಲೇ ಪೂರ್ತಿ ವೇಗಕ್ಕೆ ಹೋಗುವುದೇ ಕಾರಣ.

ಎಂಟು ವಾರ ಇದ್ದರೆ ಹೀಗೆ ಮಾಡಿ. ಮೆತ್ತಗಿನ ಜಾಗದಲ್ಲಿ ಮಂಡಿಯೂರಿ, ಇನ್ನೊಬ್ಬರು ಹಿಮ್ಮಡಿ ಒತ್ತಿ ಹಿಡಿಯಲಿ. ಮಂಡಿಯಿಂದ ತಲೆವರೆಗೆ ನೇರವಾಗಿಟ್ಟು, ಆದಷ್ಟು ನಿಧಾನವಾಗಿ ಮುಂದಕ್ಕೆ ಬಾಗಿ. ತಡೆಯಲಾಗದಾಗ ಕೈಯೂರಿ, ತಳ್ಳಿ ಎದ್ದೇಳಿ. ಮೊದಲ ವಾರ ಒಂದೇ ದಿನ, 5ರಂತೆ 2 ಸೆಟ್. ನಾಲ್ಕನೇ ವಾರಕ್ಕೆ ವಾರದಲ್ಲಿ ಎರಡು ದಿನ, 8ರಂತೆ 3 ಸೆಟ್. ಮೊದಲ ಸಲ ನಾಲ್ಕು ದಿನ ಕಾಲು ಹಿಡಿಯುತ್ತದೆ, ಆದ್ದರಿಂದ ಪಂದ್ಯದ ಹಿಂದಿನ ವಾರ ಹೊಸದಾಗಿ ಶುರು ಮಾಡಬೇಡಿ. ಜೊತೆಗೆ ವಾರಕ್ಕೆರಡು ಸಲ 30 ಮೀಟರ್ ಓಟ, 6ರಿಂದ 8 ಸಲ. ಮೊದಲೆರಡು ವಾರ ಮುಕ್ಕಾಲು ವೇಗ, ಆಮೇಲೆ ಏರಿಸಿ. ಸ್ಟಿಕ್ ಹಿಡಿದು ಬಗ್ಗಿಯೇ ಇರುವ ಆಟವಾದ್ದರಿಂದ ರೋಯಿಂಗ್ ಬಿಡಬೇಡಿ. ಪಂದ್ಯಗಳ ವಾರದಲ್ಲಿ ಭಾರ ಒಂದೇ ದಿನ, ಪಂದ್ಯಕ್ಕೆ ಎರಡು ದಿನ ಮೊದಲು.

ಸೈನ್ಯದ ಭರ್ತಿಗೆ?

1.6 ಕಿ.ಮೀ. ಓಟ, ಬೀಮ್ ಪುಲ್ ಅಪ್, 9 ಅಡಿ ಹಳ್ಳ ಹಾರುವುದು, ಅಂಕುಡೊಂಕು ಕಂಬದ ಮೇಲೆ ನಡಿಗೆ. ಓಟದ ಸಮಯದ ಮಿತಿಯನ್ನು ಆ ವರ್ಷದ ಅಧಿಸೂಚನೆಯಲ್ಲೇ ನೋಡಿ. ಪುಲ್ ಅಪ್ 10 ಮಾಡಿದರೆ ಪೂರ್ತಿ ಅಂಕ. ದಿನಕ್ಕೊಮ್ಮೆ ಸುಸ್ತಾಗಿ ಬೀಳುವವರೆಗೆ ಮಾಡುವ ಬದಲು, 6 ಬರುವವರು ಬೆಳಿಗ್ಗೆಯಿಂದ ಸಂಜೆಯೊಳಗೆ ಐದಾರು ಸಲ ತಲಾ 3 ಮಾಡಿ, ವಾರಕ್ಕೆ ಐದು ದಿನ. ಓಟಕ್ಕೆ ಏರುತಗ್ಗಿನ ರಸ್ತೆ ಸಾಲದು. ಅಳತೆ ಮಾಡಿದ ಸಮತಟ್ಟು ಮೈದಾನದಲ್ಲಿ 400 ಮೀಟರ್ 5 ಸಲ, ನಡುವೆ 2 ನಿಮಿಷ ಬಿಡುವು, ವಾರಕ್ಕೆ ಎರಡು ದಿನ ಇರಲಿ.

ವಯಸ್ಸು 48, ಬಿಪಿ ಮಾತ್ರೆ ಇದೆ, ಸಕ್ಕರೆಯೂ ಇದೆ. ತಡವಾಯಿತಾ?

ಇಲ್ಲ, ಹೆಚ್ಚು ಲಾಭ ನಿಮಗೇ. ದೊಡ್ಡ ಮಾಂಸಖಂಡ ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುವ ದೊಡ್ಡ ಕಣಜ. ಬಿಪಿ ಹತೋಟಿಗೆ ಬಂದ ಮೇಲೆ, ವೈದ್ಯರಿಗೆ ತಿಳಿಸಿ ಶುರು ಮಾಡಿ. 10ರಿಂದ 15 ರೆಪ್ ಬರುವ ಭಾರ ಆರಿಸಿ, ಎತ್ತುವಾಗ ಉಸಿರು ಬಿಡಿ. ಉಸಿರು ಕಟ್ಟಿ ಮುಕ್ಕಿದರೆ ಬಿಪಿ ಆ ಕ್ಷಣ ನೆಗೆಯುತ್ತದೆ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಬರಿ ಹೊಟ್ಟೆಯಲ್ಲಿ ಮಾಡಬಾರದು, ಜೇಬಿನಲ್ಲಿ ಸಕ್ಕರೆ ಇರಲಿ. ಊಟದ ನಂತರ ಅಂಗಳದಲ್ಲಿ 10 ನಿಮಿಷ ನಡೆದರೂ ಸಕ್ಕರೆಯ ಏರಿಕೆ ತಗ್ಗುತ್ತದೆ. ಎದೆ ಬಿಗಿದರೆ, ಎಡಗೈ ಅಥವಾ ದವಡೆ ನೋವು ಬಂದರೆ ಸೆಟ್ ಮುಗಿಸಲು ಹೋಗಬೇಡಿ, ಆಸ್ಪತ್ರೆಗೆ ಹೋಗಿ.

ಜೋರಾಗಿ ವ್ಯಾಯಾಮ ಮಾಡಿದ ಮರುದಿನ ಮೂತ್ರ ಕೆಂಪಗೆ ಹೋಯಿತು. ಮದ್ದುಸೊಪ್ಪಿನಿಂದ ಇರಬಹುದಾ?

ಕೊಡವ ಕ್ಯಾಲೆಂಡರಿನ ಕಕ್ಕಡ ತಿಂಗಳ 18, ಅಂದರೆ ಆಗಸ್ಟ್ 3ರ ಸುಮಾರಿಗೆ ಮದ್ದುಸೊಪ್ಪಿನ ರಸದಲ್ಲಿ ಮಾಡಿದ ಮದ್ದುಪುಟ್ಟು, ಮದ್ದುಪಾಯಸ ತಿಂದಿದ್ದು, ಮೈಯಲ್ಲಿ ಬೇರೇನೂ ಇಲ್ಲದಿದ್ದರೆ ಅದು ಸೊಪ್ಪಿನ ಬಣ್ಣವೇ, ಒಂದು ದಿನದಲ್ಲಿ ತಿಳಿಯಾಗುತ್ತದೆ. ಆದರೆ ಬಹಳ ದಿನ ಬಿಟ್ಟು ಬಂದು ಹಟಕ್ಕೆ ಬಿದ್ದು ನೂರಾರು ಬಸ್ಕಿ, ಪುಲ್ ಅಪ್ ಮಾಡಿದ್ದೀರಿ, ಮಾಂಸಖಂಡ ಊದಿ ಮುಟ್ಟಲಾಗದಷ್ಟು ನೋಯುತ್ತಿದೆ, ಕೈ ಮಡಚಲಾಗುತ್ತಿಲ್ಲ, ಮೂತ್ರ ಕೋಲಾದ ಬಣ್ಣಕ್ಕಿದೆ ಎಂದಾದರೆ ಕಥೆ ಬೇರೆ. ಮಾಂಸಖಂಡ ಒಡೆದು ಅದರ ಅಂಶ ರಕ್ತಕ್ಕೆ ಸೇರಿ ಮೂತ್ರಪಿಂಡವನ್ನು ಕಟ್ಟಿಹಾಕುವ ಸ್ಥಿತಿ ಅದು, ರಾಬ್ಡೋ ಎನ್ನುತ್ತಾರೆ. ಅದೇ ದಿನ ಆಸ್ಪತ್ರೆಗೆ ಹೋಗಿ, ರಕ್ತದಲ್ಲಿ ಸಿಪಿಕೆ (ಮಾಂಸಖಂಡ ಒಡೆದಾಗ ಏರುವ ಅಂಶ) ಮತ್ತು ಕ್ರಿಯಾಟಿನಿನ್ ನೋಡಲು ಹೇಳಿ, ಡ್ರಿಪ್ ಬೇಕಾಗಬಹುದು. ನೋವಿಗೆಂದು ಡೈಕ್ಲೋಫಿನಾಕ್, ಐಬುಪ್ರೊಫೆನ್ ನುಂಗಬೇಡಿ, ಮೂತ್ರಪಿಂಡಕ್ಕೆ ಇನ್ನೊಂದು ಪೆಟ್ಟು. ಎರಡರಲ್ಲಿ ಯಾವುದೆಂದು ಗೊತ್ತಾಗದಿದ್ದರೂ ಪರೀಕ್ಷೆ ಮಾಡಿಸಿ. ಬಿಟ್ಟು ಬಂದವರು ಮೊದಲ ವಾರ ಹಳೆಯ ಭಾರದ ಅರ್ಧ, ವ್ಯಾಯಾಮಕ್ಕೆ ಒಂದೇ ಸೆಟ್, ಎರಡನೇ ವಾರ ಎರಡು ಸೆಟ್ ಮಾಡಲಿ, ಹಳೆಯ ಅಂಕಿಗಳಿಗೆ ನಾಲ್ಕನೇ ವಾರಕ್ಕೆ ಮರಳಲಿ.